ಅಂಡರ್‌ಕಟ್ ಕೆಲಸ: ಹೊಸ ಯಂತ್ರಕ್ಕೆ ಸಾಲವೋ, ಪ್ರೋಗ್ರಾಮಿಂಗ್‌ಗೆ ಬೆಲೆಯೋ?

ಯಂತ್ರ ಸಾಲಕ್ಕೆ ಯೋಜನಾ ವರದಿ ಸಿದ್ಧಪಡಿಸಿಕೊಡಬೇಕೆಂದು ಕಳೆದ ಒಂದು ವರ್ಷದಲ್ಲಿ ನನ್ನ ಕಚೇರಿಗೆ ಬಂದ ವರ್ಕ್‌ಶಾಪ್ ಮಾಲೀಕರಲ್ಲಿ ಮೂವರು ಒಂದೇ ಕಾರಣವನ್ನು ಮುಂದಿಟ್ಟರು. ಒಬ್ಬರು ಹಾಸನದವರು, ಒಬ್ಬರು ಹೊಳೆನರಸೀಪುರದವರು, ಮತ್ತೊಬ್ಬರು ಚನ್ನರಾಯಪಟ್ಟಣದವರು. ಮೂವರ ಬಳಿಯೂ ಮೂರು ಅಕ್ಷಗಳ ಸಿಎನ್‌ಸಿ ಮಿಲ್ಲಿಂಗ್ ಯಂತ್ರ, ಅಂದರೆ ನಮ್ಮವರು ವಿಎಂಸಿ ಎಂದು ಕರೆಯುವ ಯಂತ್ರ, ಒಂದೊಂದಿದೆ. ‘ಅಂಡರ್‌ಕಟ್ ಇರುವ ಜಾಬ್ ಬಂದರೆ ನಮ್ಮಲ್ಲಿ ಆಗುವುದಿಲ್ಲವೆಂದು ಡ್ರಾಯಿಂಗ್ ವಾಪಸು ಕಳುಹಿಸಬೇಕಾಗಿದೆ, ಆದುದರಿಂದ ಐದು ಅಕ್ಷಗಳ ಯಂತ್ರ ತೆಗೆದುಕೊಳ್ಳುತ್ತೇವೆ’ ಎಂಬುದು ಮೂವರ ಮಾತಿನ ಸಾರ. ಮೂವರಿಗೂ ವರದಿಯನ್ನು ಕೂಡಲೇ ಬರೆದುಕೊಡದೆ ಅವರ ಜಾಬ್ ಕಾರ್ಡುಗಳನ್ನೂ ಕೊಟೇಷನ್ ಫೈಲುಗಳನ್ನೂ ಮೊದಲು ತರಿಸಿಕೊಂಡೆ. ಅವುಗಳಲ್ಲಿ ಕಂಡದ್ದನ್ನು ಸದಸ್ಯ ಬಾಂಧವರ ಮುಂದಿಡುವುದು ಈ ಲೇಖನದ ಉದ್ದೇಶ.

ವಾಣಿಜ್ಯ ಪದವೀಧರನಾದ ಲೆಕ್ಕ ಪರಿಶೋಧಕನೊಬ್ಬ ಕಟರ್, ಸ್ಪಿಂಡಲ್ ಎಂದು ಬರೆಯಲು ಹೊರಟರೆ ತಂತ್ರಜ್ಞರು ನಗಬಹುದು. ಆದರೆ ಈ ವಿಷಯದಲ್ಲಿ ತಾಂತ್ರಿಕ ಪ್ರಶ್ನೆಯನ್ನೂ ಹಣಕಾಸಿನ ಪ್ರಶ್ನೆಯನ್ನೂ ಬೇರ್ಪಡಿಸುವುದು ಸಾಧ್ಯವಿಲ್ಲ. ಟೂಲ್‌ಪಾತ್ ಎಂದರೇನು ಎಂಬುದನ್ನು ತಿಳಿಯದೆ ಅದಕ್ಕೆ ತಗಲುವ ವೆಚ್ಚವನ್ನು ಲೆಕ್ಕಕ್ಕೆ ಹಿಡಿಯಲು ಬಾರದು. ಹೀಗಾಗಿ ಕಕ್ಷಿದಾರರೊಬ್ಬರ ವರ್ಕ್‌ಶಾಪಿನಲ್ಲಿ ಕೆಲವು ಸಂಜೆಗಳನ್ನು ಕಳೆದು, ಅವರ ಪ್ರೋಗ್ರಾಮರ್ ಹುಡುಗನಿಂದ ಕೇಳಿ ತಿಳಿದು ಇದನ್ನು ಬರೆಯುತ್ತಿದ್ದೇನೆ.

ಮೂರು ಅಕ್ಷಗಳ ಯಂತ್ರದಲ್ಲಿ ಕಟರ್ ಮೇಲಿನಿಂದ ಮಾತ್ರ ಬರುತ್ತದೆ. ಎಕ್ಸ್ ಮತ್ತು ವೈ ದಿಕ್ಕಿನಲ್ಲಿ ಜಾಬ್ ಅತ್ತಿತ್ತ ಸರಿಯುತ್ತದೆ. ಝಡ್ ದಿಕ್ಕಿನಲ್ಲಿ ಸ್ಪಿಂಡಲ್ ಮೇಲೆ ಕೆಳಗೆ ಚಲಿಸುತ್ತದೆ. ನೆತ್ತಿಯ ಮೇಲೆ ನಿಂತು ನೋಡಿದಾಗ ಕಣ್ಣಿಗೆ ಬೀಳುವ ಮೇಲ್ಮೈಯನ್ನೆಲ್ಲ ಸಾಧಾರಣ ಕಟರ್ ಮುಟ್ಟಬಲ್ಲದು. ಚಾಚಿಕೊಂಡ ಅಂಚಿನ ಅಡಿಯಲ್ಲಿ ಮರೆಯಾಗಿರುವ ಭಾಗವನ್ನು ಅದು ಮುಟ್ಟಲಾರದು. ಆ ಮರೆಯ ಭಾಗವೇ ಅಂಡರ್‌ಕಟ್. ನಮ್ಮ ಜಿಲ್ಲೆಯವರಿಗೆ ಇದನ್ನು ವಿವರಿಸಲು ಬೇಲೂರಿಗೆ ಕರೆದೊಯ್ದರೆ ಸಾಕು. 1117ರಲ್ಲಿ ಪ್ರತಿಷ್ಠಾಪನೆಯಾದ ಚೆನ್ನಕೇಶವ ದೇವಾಲಯದ ಮದನಿಕೆಯರ ತಲೆಯ ಮೇಲಿನ ಬಳ್ಳಿ ಚಪ್ಪರವನ್ನು ನೋಡಿ. ಎಲೆಯ ಹಿಂಬದಿಯನ್ನೂ ಬಿಡದೆ ಕೊರೆದು ಕಲ್ಲನ್ನು ತೆಗೆದಿದ್ದಾರೆ. ಶಿಲ್ಪಿಯ ಕೈಗೆ ಯಾವ ದಿಕ್ಕಿನಿಂದಲಾದರೂ ಉಳಿಯನ್ನು ಓರೆಯಾಗಿ ಹಿಡಿಯುವ ಸ್ವಾತಂತ್ರ್ಯವಿತ್ತು. ಐದು ಅಕ್ಷಗಳ ಯಂತ್ರವೆಂದರೆ ಆ ಸ್ವಾತಂತ್ರ್ಯವನ್ನು ಹಣ ಕೊಟ್ಟು ಕೊಂಡಂತೆ. ಮೂರು ಅಕ್ಷಗಳ ಯಂತ್ರದವನು ಉಳಿಯನ್ನು ಓರೆ ಮಾಡಲಾರ. ಆದರೆ ಉಳಿಯ ಆಕಾರವನ್ನೇ ಬದಲಿಸಬಲ್ಲ.

ಬದಲಿಸಿದ ಆಕಾರದ ಈ ಕಟರುಗಳು ಹೊಸವೇನಲ್ಲ. ಯಂತ್ರದ ಮೇಜಿನ ಮೇಲೆ ಕಾಣುವ ಟಿ-ಸ್ಲಾಟ್‌ಗಳನ್ನು ಕೊರೆಯಲು ಟಿ-ಸ್ಲಾಟ್ ಕಟರ್, ಜಾರುವ ಪಟ್ಟಿಗಳ ಓರೆ ಗಾಡಿಗೆ ಡವ್‌ಟೇಲ್ ಕಟರ್, ವಕ್ರವಾದ ಮೇಲ್ಮೈಗೆ ಕಡ್ಡಿಯ ತುದಿಯ ಮಿಠಾಯಿಯಂತೆ ಗುಂಡು ತಲೆಯಿರುವ ಲಾಲಿಪಾಪ್ ಕಟರ್ ಬಹಳ ಹಿಂದಿನಿಂದಲೂ ಬಳಕೆಯಲ್ಲಿವೆ. ಇವೆಲ್ಲಕ್ಕೂ ಸಾಮಾನ್ಯವಾದ ಲಕ್ಷಣವೆಂದರೆ ತಲೆ ದಪ್ಪ, ಕತ್ತು ಸಣ್ಣ. ತಲೆಯ ವ್ಯಾಸದಿಂದ ಕತ್ತಿನ ವ್ಯಾಸವನ್ನು ಕಳೆದು ಎರಡರಿಂದ ಭಾಗಿಸಿದರೆ ಆ ಕಟರ್ ಅಂಚಿನ ಕೆಳಗೆ ಗರಿಷ್ಠ ಎಷ್ಟು ದೂರ ಒಳನುಗ್ಗಬಲ್ಲದು ಎಂಬುದು ತಿಳಿಯುತ್ತದೆ. ವಿಷಯ ಇಷ್ಟು ಸರಳವಾಗಿದ್ದರೂ ನಷ್ಟದ ಮೂಲ ಬಹುತೇಕ ಇಲ್ಲಿಯೇ ಇದೆ.

ನಾನು ಕಣ್ಣಾರೆ ಕಂಡ ಜಾಬ್ ಒಂದರ ಅಳತೆಗಳನ್ನೇ ಹೇಳುತ್ತೇನೆ. ಚೌಕಾಕಾರದ ಸ್ಟೇನ್‌ಲೆಸ್ ಉಕ್ಕಿನ ವಾಲ್ವ್ ಬ್ಲಾಕ್. ಅದರ ಮಧ್ಯದಿಂದ ಪಕ್ಕಕ್ಕೆ ಸರಿದಂತೆ ಎರಡು ಬೋರ್‌ಗಳು. ಪ್ರತಿ ಬೋರಿನ ವ್ಯಾಸ 30 ಮಿ.ಮೀ. ಒಳಗೆ ಸ್ವಲ್ಪ ಆಳದಲ್ಲಿ ಸೀಲ್ ಕೂರಲು 36 ಮಿ.ಮೀ. ವ್ಯಾಸದ ಗಾಡಿ. ಎಂದರೆ ಸುತ್ತಲೂ 3 ಮಿ.ಮೀ. ಅಂಡರ್‌ಕಟ್. ದುಂಡಗಿನ ಜಾಬ್ ಆಗಿದ್ದರೆ ಲೇತ್‌ನಲ್ಲಿ ಹತ್ತು ನಿಮಿಷದ ಕೆಲಸ. ಚೌಕ ಬ್ಲಾಕಿನ ಪಕ್ಕಕ್ಕೆ ಸರಿದ ಎರಡು ಬೋರ್‌ಗಳನ್ನು ಲೇತ್‌ಗೆ ಕಟ್ಟುವುದು ತಾಪತ್ರಯ. ಮಿಲ್ಲಿಂಗ್ ಯಂತ್ರದಲ್ಲಿ 20 ಮಿ.ಮೀ. ತಲೆ, 10 ಮಿ.ಮೀ. ಕತ್ತಿನ ಕಟರ್ ಹಿಡಿದರೆ ಅದು 5 ಮಿ.ಮೀ. ಒಳನುಗ್ಗಬಲ್ಲದು, ಬೇಕಾದದ್ದು 3 ಮಾತ್ರ. ಕಟರಿನ ಕೇಂದ್ರ 8 ಮಿ.ಮೀ. ತ್ರಿಜ್ಯದ ವೃತ್ತದಲ್ಲಿ ಸುತ್ತಿದರೆ ತಲೆ 18 ಮಿ.ಮೀ. ತ್ರಿಜ್ಯಕ್ಕೆ ತಲುಪುತ್ತದೆ, ಕತ್ತು 13ಕ್ಕೆ ನಿಲ್ಲುತ್ತದೆ, ಬೋರಿನ ಗೋಡೆ 15ರಲ್ಲಿದೆ, ನಡುವೆ 2 ಮಿ.ಮೀ. ತೆರಪು ಉಳಿಯುತ್ತದೆ. ಕಪಾಟಿನಲ್ಲಿ ಇದೆಯಲ್ಲಾ ಎಂದು 16 ಮಿ.ಮೀ. ತಲೆ, 12 ಮಿ.ಮೀ. ಕತ್ತಿನ ಕಟರ್ ಹಾಕಿದರೆ ಕೇಂದ್ರ 10 ಮಿ.ಮೀ. ತ್ರಿಜ್ಯದಲ್ಲಿ ಸುತ್ತಬೇಕು; ಆಗ ಕತ್ತು 16ಕ್ಕೆ ತಲುಪಿ 15ರ ಗೋಡೆಯನ್ನು ಉಜ್ಜುತ್ತದೆ. ಪ್ರೋಗ್ರಾಮಿನಲ್ಲಿ ತಲೆಯ ಅಳತೆಯನ್ನಷ್ಟೇ ಕೊಟ್ಟು ಕತ್ತಿನ ಅಳತೆ ಕೊಡದಿದ್ದರೆ ಕಂಪ್ಯೂಟರಿನ ಪರದೆಯ ಮೇಲೆ ಎಲ್ಲವೂ ಸುಸೂತ್ರ. ಯಂತ್ರದ ಮೇಲೆ ಕಟರ್ ಮುರಿದ ಸದ್ದು.

ಕ್ಯಾಮ್ ತಂತ್ರಾಂಶವೊಂದಿದ್ದರೆ ಸಾಕು, ಟೂಲ್‌ಪಾತ್ ತಾನೇ ಬರುತ್ತದೆ ಎಂದು ಅನೇಕ ಮಾಲೀಕರು ನಂಬಿದ್ದಾರೆ. ಮೂರು ಅಕ್ಷಗಳ ಸಾಮಾನ್ಯ ಟೂಲ್‌ಪಾತ್ ಕ್ರಮಗಳಲ್ಲಿ ಹಲವು, ಜಾಬನ್ನು ಮೇಲಿನಿಂದ ತೆಗೆದ ನಕ್ಷೆಯಂತೆ ಕಾಣುತ್ತವೆ. ಒಂದು ಬಿಂದುವಿಗೆ ಒಂದೇ ಎತ್ತರ. ಅಂಡರ್‌ಕಟ್ ಇರುವೆಡೆ ಒಂದೇ ಬಿಂದುವಿನ ಕೆಳಗೆ ಮೇಲಂಚು, ಅದರ ತಳ, ಗಾಡಿಯ ನೆಲ ಎಂದು ಹಲವು ಎತ್ತರಗಳಿರುತ್ತವೆ. ಖಾತೆಯ ಅಖೈರು ಶಿಲ್ಕನ್ನು ಮಾತ್ರ ನೋಡಿ ಜಮಾ ಖರ್ಚುಗಳನ್ನು ನೋಡದ ಗುಮಾಸ್ತನಂತೆ ತಂತ್ರಾಂಶ ಕೆಳಗಿನದನ್ನು ಬಿಟ್ಟುಬಿಡುತ್ತದೆ. ಆದುದರಿಂದ ಅಂಡರ್‌ಕಟ್‌ಗೆ ಹೊಂದುವ ಕ್ರಮವನ್ನು ಆರಿಸುವುದು, ಕಟರಿನ ಪೂರ್ತಿ ಆಕಾರವನ್ನೂ ಹೋಲ್ಡರಿನ ಆಕಾರವನ್ನೂ ನಮೂದಿಸುವುದು, ಒಳಹೋಗುವ ಹೊರಬರುವ ದಾರಿಯನ್ನು ಗೊತ್ತುಪಡಿಸುವುದು, ಸಿಮ್ಯುಲೇಷನ್ ನಡೆಸಿ ಡಿಕ್ಕಿ ಇದೆಯೇ ಎಂದು ನೋಡುವುದು, ಇವೆಲ್ಲವೂ ಮನುಷ್ಯನ ಕೆಲಸ. ಮೇಲೆ ಹೇಳಿದಂತಹ ವೃತ್ತಾಕಾರದ ಗಾಡಿಗೆ ಕ್ಯಾಮ್ ತಂತ್ರಾಂಶವೇ ಬೇಕಿಲ್ಲ. ಅನುಭವಿಗಳು ಯಂತ್ರದ ಮುಂದೆ ನಿಂತು ಕೈಯಿಂದಲೇ ಬರೆಯುತ್ತಾರೆ. ಬೋರಿನ ಮಧ್ಯಕ್ಕೆ ಬಂದು ನೇರ ಕೆಳಗಿಳಿ, ಸಣ್ಣ ಕಮಾನಿನಲ್ಲಿ ಗೋಡೆಯತ್ತ ಸರಿ, ಒಂದು ಸುತ್ತು ಹಾಕು, ಅದೇ ರೀತಿ ಕಮಾನಿನಲ್ಲಿ ಮಧ್ಯಕ್ಕೆ ಮರಳು, ಆಮೇಲೆ ಮೇಲೇಳು. ಸಾಲುಗಳು ಹದಿನೈದಕ್ಕಿಂತ ಹೆಚ್ಚಾಗಲಾರವು.

ಆ ಹದಿನೈದು ಸಾಲುಗಳಲ್ಲಿ ‘ಮಧ್ಯಕ್ಕೆ ಮರಳು’ ಎಂಬ ಒಂದು ಸಾಲಿನ ಮೇಲೆ ಎಲ್ಲವೂ ನಿಂತಿದೆ. ಐಟಿಐಯಲ್ಲಿ ಕಲಿತು ಬಂದ ಪ್ರತಿ ಆಪರೇಟರಿಗೂ ಮೈಗೂಡಿದ ಒಂದು ಅಭ್ಯಾಸವಿದೆ. ಏನಾದರೂ ಅನುಮಾನ ಬಂದರೆ ಮೊದಲು ಝಡ್ ಮೇಲೆತ್ತು. ಬೇರೆಲ್ಲ ಕೆಲಸಗಳಲ್ಲಿ ಇದು ಪ್ರಾಣ ಉಳಿಸುವ ಅಭ್ಯಾಸ. ಅಂಡರ್‌ಕಟ್ ಕೆಲಸದಲ್ಲಿ ಇದೇ ಅಪಘಾತ. ಅಂಚಿನ ಅಡಿಯಲ್ಲಿ ಸಿಕ್ಕಿಕೊಂಡಿರುವ ದಪ್ಪ ತಲೆಯನ್ನು ನೇರ ಮೇಲೆತ್ತಿದರೆ ಕಟರ್ ಮುರಿಯುತ್ತದೆ, ಜಾಬ್ ವೈಸ್‌ನಿಂದ ಕಿತ್ತು ಬರುತ್ತದೆ, ಗ್ರಹಚಾರ ಕೆಟ್ಟಿದ್ದರೆ ಸ್ಪಿಂಡಲ್ ಬೇರಿಂಗಿಗೂ ಏಟು ಬೀಳುತ್ತದೆ. ಗಾಡಿಯ ನಡುವೆ ಕಟರ್ ಇರುವಾಗಲೇ ವಿದ್ಯುತ್ ಹೋಯಿತೆನ್ನಿ. ನಮ್ಮ ತಾಲ್ಲೂಕುಗಳಲ್ಲಿ ಮಳೆಗಾಲದ ಸಂಜೆ ಇದು ಅಪರೂಪದ ಘಟನೆಯಲ್ಲ. ಕರೆಂಟು ಬಂದ ಮೇಲೆ ಆಪರೇಟರ್ ರೂಢಿಯಂತೆ ಯಂತ್ರವನ್ನು ಹೋಮ್ ಸ್ಥಾನಕ್ಕೆ ಕಳುಹಿಸುವ ಗುಂಡಿ ಒತ್ತಿದರೆ ಮೊದಲು ಏಳುವುದು ಝಡ್. ಕೈಚಕ್ರ ಹಿಡಿದು ಎಕ್ಸ್ ವೈ ದಿಕ್ಕಿನಲ್ಲಿ ಮೆಲ್ಲಗೆ ಮಧ್ಯಕ್ಕೆ ತಂದ ಬಳಿಕವೇ ಮೇಲೆತ್ತಬೇಕೆಂದು ಅವನಿಗೆ ಯಾರಾದರೂ ಹೇಳಿರಬೇಕು. ಹೇಳಿದ್ದು ಕಾಗದದ ಮೇಲೂ ಇರಬೇಕು. ನಾನು ನೋಡಿದ ಮೂರು ವರ್ಕ್‌ಶಾಪುಗಳಲ್ಲಿ ಇಂತಹ ಸೆಟಪ್ ಶೀಟ್ ಇದ್ದದ್ದು ಒಂದರಲ್ಲಿ ಮಾತ್ರ. ಅದೂ ಒಂದು ಸಾವಿರಾರು ರೂಪಾಯಿಯ ಕಟರ್ ಮುರಿದ ಮೇಲೆ ಬರೆದದ್ದು.

ಇನ್ನು ಲೆಕ್ಕಕ್ಕೆ ಬರೋಣ. ಮೇಲಿನ ವಾಲ್ವ್ ಬ್ಲಾಕಿನ 40 ನಗಗಳ ಆರ್ಡರಿಗೆ ಮಾಲೀಕರು ಹಾಕಿದ ದರದ ಬಗೆ ಹೀಗಿತ್ತು. ಒಂದು ನಗದ ಗಾಡಿ ಕೊರೆಯಲು 12 ನಿಮಿಷ, 40 ನಗಕ್ಕೆ 8 ಗಂಟೆ, ಯಂತ್ರದ ಗಂಟೆಯ ದರ 700 ರೂಪಾಯಿಯಂತೆ 5,600, ನಗವೊಂದಕ್ಕೆ 140, ಅದರ ಮೇಲೆ ಶೇಕಡಾ 25 ಲಾಭ ಸೇರಿಸಿ 175 ರೂಪಾಯಿ. ಗಾಡಿ ಕೊರೆಯುವ ಬಾಬ್ತಿಗೆ ಅವರ ಕೈಸೇರುವ ಒಟ್ಟು ಹಣ 7,000 ರೂಪಾಯಿ. ವಾಸ್ತವವಾಗಿ ಆದ ವೆಚ್ಚವನ್ನು ಜಾಬ್ ಕಾರ್ಡ್ ಹಾಗೂ ಬಿಲ್ಲುಗಳಿಂದ ಕೂಡಿಸಿದಾಗ ಬೇರೆಯೇ ಚಿತ್ರ ಕಂಡಿತು. ಅಂಕಿಗಳನ್ನು ಓದುಗರ ಅನುಕೂಲಕ್ಕೆ ದುಂಡಾಗಿಸಿದ್ದೇನೆ. ಪ್ರೋಗ್ರಾಮಿಂಗ್ ಮತ್ತು ಸಿಮ್ಯುಲೇಷನ್‌ಗೆ 9 ಗಂಟೆ, ಗಂಟೆಗೆ 450ರಂತೆ 4,050. ಮೊದಲ ನಗವನ್ನು ಯಂತ್ರದ ಮೇಲೆ ನಿಧಾನವಾಗಿ ಓಡಿಸಿ ಪರೀಕ್ಷಿಸಲು 4 ಗಂಟೆ, 2,800. ಪರೀಕ್ಷೆಗೆ ಹಾಳಾದ ಲೋಹ 1,500. ವಿಶೇಷ ಕಟರ್ ಎರಡು, ಒಂದಕ್ಕೆ 6,500ರಂತೆ 13,000. ಇದಕ್ಕೆ ಯಂತ್ರದ 5,600 ಸೇರಿದರೆ ಒಟ್ಟು 26,950 ರೂಪಾಯಿ. ನಗವೊಂದಕ್ಕೆ ಸುಮಾರು 674. ಒಂದೇ ಆರ್ಡರಿನ ಒಂದೇ ಬಾಬ್ತಿನಲ್ಲಿ ಇಪ್ಪತ್ತು ಸಾವಿರದಷ್ಟು ನಷ್ಟ. ಅದು ಯಾರ ಕಣ್ಣಿಗೂ ಬೀಳದೆ ‘ಟೂಲ್ಸ್ ಖರೀದಿ’, ‘ಸಂಬಳ’ ಎಂಬ ಶೀರ್ಷಿಕೆಗಳಡಿ ವರ್ಷಾಂತ್ಯದವರೆಗೆ ಮಲಗಿತ್ತು.

ಮಾಲೀಕರು ಇದರಿಂದ ತೆಗೆದ ತೀರ್ಮಾನ ‘ಮೂರು ಅಕ್ಷದಲ್ಲಿ ಅಂಡರ್‌ಕಟ್ ಮಾಡಿದರೆ ಗಿಟ್ಟುವುದಿಲ್ಲ’ ಎಂದು. ನನ್ನ ತೀರ್ಮಾನ ಅದಲ್ಲ. ಇದೇ ಕೆಲಸವನ್ನು ಬೆಂಗಳೂರಿನಲ್ಲಿ ಐದು ಅಕ್ಷಗಳ ಯಂತ್ರವಿದ್ದವರಿಗೆ ಕೊಟ್ಟು ಮಾಡಿಸಲು ಅವರಿಗೆ ಬಂದಿದ್ದ ದರ ನಗಕ್ಕೆ 900 ರೂಪಾಯಿ, 40 ನಗಕ್ಕೆ 36,000, ಸಾಗಾಟ ಬೇರೆ. ಎಂದರೆ ತಮ್ಮಲ್ಲೇ ಮಾಡಿದ್ದರಿಂದ ವೆಚ್ಚ ಕಡಿಮೆಯೇ ಆಗಿತ್ತು. ಅದೇ ಆರ್ಡರ್ ಮರಳಿ ಬಂದಾಗ ಪ್ರೋಗ್ರಾಮ್ ಸಿದ್ಧವಿದೆ, ಪರೀಕ್ಷೆ ಮುಗಿದಿದೆ. ಯಂತ್ರದ 5,600ಕ್ಕೆ ಹೊಸ ಕಟರ್ ಒಂದನ್ನು ಸೇರಿಸಿದರೆ 12,100. ನಗಕ್ಕೆ 303 ರೂಪಾಯಿಯೂ ಇಲ್ಲ. ತಪ್ಪಿದ್ದು ಯಂತ್ರದಲ್ಲಲ್ಲ, ಕೊಟೇಷನ್ನಿನಲ್ಲಿ. ಮೊದಲ ಬಾರಿ ಮಾತ್ರ ಬರುವ 8,350 ರೂಪಾಯಿಯನ್ನು ‘ಪ್ರೋಗ್ರಾಮಿಂಗ್ ಮತ್ತು ಪರೀಕ್ಷಾ ವೆಚ್ಚ, ಒಂದಾವರ್ತಿ’ ಎಂದು ಬೇರೆ ಸಾಲಿನಲ್ಲಿ ತೋರಿಸಿ, ಕಟರ್ ಹಾಗೂ ಯಂತ್ರದ ವೆಚ್ಚವನ್ನು ನಗದ ದರದಲ್ಲಿ ಸೇರಿಸಿದ್ದರೆ ಕೊಳ್ಳುವವನಿಗೂ ಅರ್ಥವಾಗುತ್ತಿತ್ತು.

ಪ್ರೋಗ್ರಾಮಿಂಗನ್ನು ಪುಕ್ಕಟೆಯಾಗಿ ಕೊಡುವ ಈ ರೂಢಿ ಹೇಗೆ ಬೆಳೆಯಿತೆಂಬುದು ಊಹಿಸಲು ಕಷ್ಟವಲ್ಲ. ಸಾಧಾರಣ ಜಾಬಿನಲ್ಲಿ ಪ್ರೋಗ್ರಾಮ್ ಅರ್ಧ ಗಂಟೆಯಲ್ಲಿ ಮುಗಿಯುತ್ತದೆ, ಯಂತ್ರ ದಿನಗಟ್ಟಲೆ ಓಡುತ್ತದೆ; ಹೀಗಾಗಿ ಯಂತ್ರದ ಗಂಟೆಯೇ ಬೆಲೆಯ ಅಳತೆಗೋಲಾಯಿತು. ಅಂಡರ್‌ಕಟ್ ಜಾಬಿನಲ್ಲಿ ಈ ಪ್ರಮಾಣ ತಲೆಕೆಳಗಾಗುತ್ತದೆ. ಅಳತೆಗೋಲು ಮಾತ್ರ ಹಳೆಯದೇ ಉಳಿದಿದೆ. ಲೆಕ್ಕಪತ್ರ ಮಾನಕಗಳಾದರೂ ಈ ವಿಷಯದಲ್ಲಿ ಹಿಂದುಳಿದಿಲ್ಲ. ಸರಕು ದಾಸ್ತಾನಿನ ಮೌಲ್ಯಮಾಪನಕ್ಕೆ ಸಂಬಂಧಿಸಿದ ಎರಡನೆಯ ಲೆಕ್ಕಪತ್ರ ಮಾನಕವು, ನಿರ್ದಿಷ್ಟ ಗ್ರಾಹಕನಿಗಾಗಿ ಉತ್ಪನ್ನವನ್ನು ವಿನ್ಯಾಸಗೊಳಿಸಿದ ವೆಚ್ಚವನ್ನು ದಾಸ್ತಾನಿನ ವೆಚ್ಚದಲ್ಲಿ ಸೇರಿಸುವುದು ಸೂಕ್ತವಾಗಬಹುದೆಂದು ಉದಾಹರಣೆ ಸಮೇತ ಒಪ್ಪುತ್ತದೆ. ಒಬ್ಬನೇ ಗ್ರಾಹಕನ ಒಂದೇ ಜಾಬಿಗಾಗಿ ಬರೆದ ಟೂಲ್‌ಪಾತ್ ಇದಕ್ಕಿಂತ ಬೇರೆಯಲ್ಲವೆಂದು ನನ್ನ ಅಭಿಪ್ರಾಯ. ಆದರೆ ಸೇರಿಸಬೇಕಾದರೆ ಗಂಟೆಗಳ ದಾಖಲೆ ಬೇಕು. ಜಾಬ್ ಕಾರ್ಡಿನಲ್ಲಿ ಪ್ರೋಗ್ರಾಮರನಿಗೆ ಒಂದು ಅಂಕಣವೇ ಇಲ್ಲದಿದ್ದರೆ ಯಾವ ಮಾನಕವೂ ಏನೂ ಮಾಡಲಾರದು.

ಬೇರೆ ಸಾಲಿನಲ್ಲಿ ಬರೆಯುವುದರಿಂದ ಇನ್ನೊಂದು ಪ್ರಯೋಜನವಿದೆ. ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಅಭಿವೃದ್ಧಿ ಕಾಯಿದೆ, 2006ರ ಪ್ರಕಾರ ಉದ್ಯಮ್ ನೋಂದಣಿಯಿರುವ ಸೂಕ್ಷ್ಮ ಮತ್ತು ಸಣ್ಣ ಘಟಕಗಳಿಗೆ ಖರೀದಿದಾರರು ಒಪ್ಪಂದವಿದ್ದರೆ ಹೆಚ್ಚೆಂದರೆ 45 ದಿನಗಳಲ್ಲಿ, ಒಪ್ಪಂದವಿಲ್ಲದಿದ್ದರೆ 15 ದಿನಗಳಲ್ಲಿ ಹಣ ಪಾವತಿಸಬೇಕು. ಈ ಗಡುವನ್ನು ಮೀರಿದ ಮೊತ್ತಕ್ಕೆ ಪಾವತಿಯಾಗುವವರೆಗೂ ಆದಾಯ ತೆರಿಗೆಯಲ್ಲಿ ವೆಚ್ಚದ ಕಳೆತ ಸಿಗದೆಂಬ ನಿಯಮವೂ 2024-25ನೇ ಕರನಿರ್ಧಾರಣಾ ವರ್ಷದಿಂದ ಜಾರಿಗೆ ಬಂದಿದೆ. ಆದೇಶದಲ್ಲೂ ಬಿಲ್ಲಿನಲ್ಲೂ ಕಾಣುವ ಹಣಕ್ಕೆ ಈ ರಕ್ಷಣೆ ಉಂಟು. ಫೋನಿನಲ್ಲಿ ‘ಪ್ರೋಗ್ರಾಮಿಂಗ್‌ಗೆ ಏನಾದರೂ ನೋಡಿ ಕೊಡಿ ಸಾರ್’ ಎಂದು ಕೇಳಿದ ಹಣಕ್ಕೆ ಇಲ್ಲ.

ಈಗ ಐದು ಅಕ್ಷಗಳ ಯಂತ್ರದ ಲೆಕ್ಕ. 80 ಲಕ್ಷ ರೂಪಾಯಿ ಸಾಲ, ಶೇಕಡಾ 10 ಬಡ್ಡಿ, 7 ವರ್ಷದ ಅವಧಿ ಎಂದಿಟ್ಟುಕೊಂಡರೆ ಮಾಸಿಕ ಕಂತು ಸುಮಾರು 1,32,800 ರೂಪಾಯಿ. ಒಂದು ಪಾಳಿಯಲ್ಲಿ ತಿಂಗಳಿಗೆ 120 ಗಂಟೆ ಯಂತ್ರ ನಿಜವಾಗಿ ಕೆಲಸ ಮಾಡಿದರೆ ಗಂಟೆಗೆ 1,100 ರೂಪಾಯಿಗೂ ಮೇಲೆ ಬರೀ ಕಂತಿಗೆ ಹೋಗುತ್ತದೆ. ವಿದ್ಯುತ್, ಕಟರ್, ಸಂಬಳ, ನಿರ್ವಹಣೆ ಇನ್ನೂ ಸೇರಿಲ್ಲ. ಹಾಸನದ ಆ ಕಕ್ಷಿದಾರರ ಜಾಬ್ ಕಾರ್ಡುಗಳಲ್ಲಿ ಅಂಡರ್‌ಕಟ್ ಇದ್ದ ಕೆಲಸವನ್ನು ಕೂಡಿಸಿದರೆ ತಿಂಗಳಿಗೆ 20 ಗಂಟೆ ಮೀರಲಿಲ್ಲ. ಆ 20 ಗಂಟೆಗಳ ಮೇಲೆ ಕಂತನ್ನು ಹೊರಿಸಿದರೆ ಗಂಟೆಗೆ 6,640 ರೂಪಾಯಿ. ಉಳಿದ ನೂರು ಗಂಟೆ ಆ ಯಂತ್ರವೂ ಹಳೆಯ ಯಂತ್ರ ಮಾಡುತ್ತಿದ್ದ ಸಾಧಾರಣ ಕೆಲಸವನ್ನೇ, ಸಾಧಾರಣ ದರದಲ್ಲಿಯೇ ಮಾಡಬೇಕು.

ಇಲ್ಲಿ ನನ್ನ ವೃತ್ತಿಯವರ ತಪ್ಪನ್ನೂ ಹೇಳಬೇಕು. ಮಾರ್ಚ್ ತಿಂಗಳು ಬಂತೆಂದರೆ ‘ಸವಕಳಿ ಸಿಗುತ್ತದೆ, ಯಂತ್ರ ಹಾಕಿಬಿಡಿ’ ಎಂದು ಸಲಹೆ ಕೊಡುವವರು ನಮ್ಮಲ್ಲಿ ಇದ್ದಾರೆ. ಯಂತ್ರಕ್ಕೆ ಸವಕಳಿ ಶೇಕಡಾ 15. ವರ್ಷದಲ್ಲಿ 180 ದಿನಗಳಿಗಿಂತ ಕಡಿಮೆ ಬಳಸಿದ್ದರೆ ಅದರ ಅರ್ಧ. ಕೊಂಡ ತಂತ್ರಾಂಶಕ್ಕೆ ಶೇಕಡಾ 40. ತೆರಿಗೆಯ ದೃಷ್ಟಿಯಿಂದ ನೋಡಿದರೂ ಕ್ಯಾಮ್ ತಂತ್ರಾಂಶದ ಮೇಲೆ ಹಾಕಿದ ರೂಪಾಯಿ ಬೇಗ ಕಳೆತಕ್ಕೆ ಬರುತ್ತದೆ. ಆದರೆ ತಂತ್ರಾಂಶವನ್ನು ಕೊಂಡ ದಿನ ಪೂಜೆ ಮಾಡಿ, ನಿಂಬೆಹಣ್ಣು ಇಟ್ಟು, ನೆಂಟರಿಷ್ಟರನ್ನು ಕರೆದು ತೋರಿಸಲಾಗುವುದಿಲ್ಲ ಎಂಬ ಕೊರತೆಯೊಂದಿದೆ.

ಕೆಲವು ವರ್ಷಗಳ ಹಿಂದೆ ನನ್ನ ಕಕ್ಷಿದಾರರೊಬ್ಬರು ಇಂತಹುದೇ ಯಂತ್ರವನ್ನು ತಂದರು. ವರದಿಯನ್ನು ಬರೆದುಕೊಟ್ಟವನು ನಾನೇ. ಯಂತ್ರ ಒಳ್ಳೆಯದು, ಅದನ್ನು ಬಲ್ಲ ಪ್ರೋಗ್ರಾಮರ್ ಅವರಲ್ಲಿ ಒಬ್ಬನೇ ಇದ್ದ. ಅರಕಲಗೂಡು ತಾಲ್ಲೂಕಿನ ಹುಡುಗ, ಚುರುಕು ಬುದ್ಧಿಯವನು. ಸಂಬಳವನ್ನು ಎರಡು ಸಾವಿರ ಹೆಚ್ಚಿಸಿ ಎಂದು ಕೇಳಿದಾಗ ಮಾಲೀಕರು ಮುಂದಿನ ವರ್ಷ ನೋಡೋಣ ಎಂದರು. ಆ ತಿಂಗಳ ಕೊನೆಗೆ ಅವನು ಪೀಣ್ಯಕ್ಕೆ ಹೊರಟ. 2017ರಲ್ಲಿ ಶ್ರವಣಬೆಳಗೊಳದ ಮೇಲೆ ಬೆಂಗಳೂರಿಗೆ ರೈಲು ಮಾರ್ಗ ತೆರೆದ ಮೇಲೆ ಹೋಗುವವರಿಗೆ ಊರು ಬಿಟ್ಟ ದುಃಖವೂ ಅಷ್ಟಿಲ್ಲ. ವಾರಕ್ಕೊಮ್ಮೆ ಮನೆಗೆ ಬರುತ್ತಾರೆ. ಅವನು ಬಿಟ್ಟುಹೋದ ಪ್ರೋಗ್ರಾಮುಗಳು ಕಂಪ್ಯೂಟರಿನಲ್ಲಿಯೇ ಇದ್ದವು. ಆದರೆ ಯಾವ ಫೈಲು ಯಾವ ಜಾಬಿನದು, ಯಾವ ಕಟರಿನ ಅಳತೆಗೆ ಬರೆದದ್ದು, ಡ್ರಾಯಿಂಗಿನ ಎಷ್ಟನೆಯ ತಿದ್ದುಪಡಿಯದು ಎಂದು ತಿಳಿಯುವಂತಿರಲಿಲ್ಲ. ಹೊಸಬನೊಬ್ಬ ಊಹಿಸಿ ಓಡಿಸಲು ಹೋಗಿ ಸ್ಪಿಂಡಲ್ ತಲೆ ಜಾಬಿಗೆ ಬಡಿಯಿತು. ದುರಸ್ತಿಗೆ ತಿಂಗಳುಗಳು ಹಿಡಿದವು, ಕಂತುಗಳು ನಿಲ್ಲಲಿಲ್ಲ. 90 ದಿನ ಮೀರಿ ಬಾಕಿ ಉಳಿದ ಸಾಲ ಬ್ಯಾಂಕಿನ ಪುಸ್ತಕದಲ್ಲಿ ಅನುತ್ಪಾದಕವಾಗುತ್ತದೆ, ಇದಕ್ಕೆ ಯಾರ ಮೇಲೂ ಸಿಟ್ಟಾಗುವಂತಿಲ್ಲ. ಕೊನೆಗೆ ಯಂತ್ರವನ್ನು ಕೊಂಡ ಬೆಲೆಯ ಅರ್ಧಕ್ಕೂ ಕಡಿಮೆಗೆ ಮಾರಿ, ಉಳಿದ ಬಾಕಿಗೆ ತಂದೆಯಿಂದ ಬಂದ ತೆಂಗಿನ ತೋಟದ ಒಂದು ಭಾಗವನ್ನು ಅವರು ಕೊಡಬೇಕಾಯಿತು. ನಾನು ಬರೆದ ವರದಿಯಲ್ಲಿ ಯಂತ್ರದ ಆಯುಷ್ಯ, ಬಡ್ಡಿ, ಸವಕಳಿ, ಮರುಪಾವತಿ ಸಾಮರ್ಥ್ಯದ ಅನುಪಾತ ಎಲ್ಲವೂ ಇದ್ದವು. ಪ್ರೋಗ್ರಾಮರ್ ಎಂಬ ಪದ ಒಂದು ಕಡೆಯೂ ಇರಲಿಲ್ಲ.

ಇದರಿಂದ ನಾನು ಐದು ಅಕ್ಷಗಳ ಯಂತ್ರದ ವಿರೋಧಿಯೆಂದು ಯಾರೂ ಭಾವಿಸಬಾರದು. ಪಂಪಿನ ಇಂಪೆಲ್ಲರಿನ ತಿರುಚಿದ ರೆಕ್ಕೆಗಳಂತಹ ಕೆಲಸವನ್ನು ಕತ್ತು ಸಣ್ಣಗಿನ ಕಟರಿನಿಂದ ಸಾಧಿಸಲು ಹೋಗುವುದು ಹಠವಾದೀತು. ಅಂಡರ್‌ಕಟ್ ಆಳ ಹೆಚ್ಚಿದಂತೆ ಕತ್ತು ಉದ್ದವೂ ಸಣ್ಣವೂ ಆಗಬೇಕು. ಉದ್ದವಾದ ಸಣ್ಣ ಕತ್ತು ಬಾಗುತ್ತದೆ, ಅದುರುತ್ತದೆ, ಮೇಲ್ಮೈ ಕೆಡುತ್ತದೆ. ಒಂದೇ ಜಾಬಿಗೆ ಹಲವು ಮುಖಗಳಿದ್ದು ಪ್ರತಿ ಬಾರಿಯೂ ಬಿಚ್ಚಿ ತಿರುಗಿಸಿ ಕಟ್ಟಿದಾಗ ಅಳತೆ ತಪ್ಪುವುದಾದರೆ, ಅಥವಾ ವರ್ಷವಿಡೀ ಯಂತ್ರ ತುಂಬುವಷ್ಟು ಖಚಿತ ಆದೇಶ ಕೈಯಲ್ಲಿದ್ದರೆ, ಸಾಲ ಮಾಡುವುದೇ ಜಾಣತನ. ಅಂತಹವರಿಗೆ ವರದಿಯನ್ನು ನಾನೇ ಸಂತೋಷದಿಂದ ಬರೆದುಕೊಡುತ್ತೇನೆ. ಇನ್ನು ಕೆಲವು ಅಂಡರ್‌ಕಟ್‌ಗಳು ಬೇಕಾಗಿಯೇ ಇರುವುದಿಲ್ಲ. ಡ್ರಾಯಿಂಗ್ ಬರೆದ ಎಂಜಿನಿಯರಿಗೆ ಫೋನ್ ಮಾಡಿ, ಒಂದು ತುಂಡಿನ ಬದಲು ಎರಡು ಪ್ಲೇಟುಗಳನ್ನು ಬೋಲ್ಟ್ ಹಾಕಿ ಜೋಡಿಸಬಹುದೇ ಎಂದು ಕೇಳಿದರೆ ಅನೇಕ ಬಾರಿ ‘ಆಗಬಹುದು’ ಎಂಬ ಉತ್ತರ ಬರುತ್ತದೆ. ನಮ್ಮವರು ಕೇಳಲು ಸಂಕೋಚಪಡುತ್ತಾರೆ. ಕೇಳಿದರೆ ಕೆಲಸ ಬಾರದವರೆಂದು ತಿಳಿದಾರೆಂಬ ಅಳುಕು.

ಹಾಸನದಲ್ಲಿ ಈ ವಿದ್ಯೆ ಕಲಿಯುವ ಸೌಕರ್ಯವಿಲ್ಲವೆಂದು ಹೇಳುವಂತಿಲ್ಲ. ಡೆನ್ಮಾರ್ಕ್ ಸರ್ಕಾರದ ನೆರವಿನಿಂದ 1972ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರದ ಶಾಖೆ ನಮ್ಮಲ್ಲಿದೆ. 1960ರಿಂದ ಮಲೆನಾಡು ಎಂಜಿನಿಯರಿಂಗ್ ಕಾಲೇಜು ಇದೆ. ಅಲ್ಲಿಂದ ಬರುವ ಹುಡುಗರು ಮೊದಲ ಎರಡು ವರ್ಷ ನಮ್ಮಲ್ಲಿ ಕಲಿತು, ಮೂರನೆಯ ವರ್ಷ ಬೆಂಗಳೂರಿಗೆ ದುಡಿಯುತ್ತಾರೆ. ಹುಡುಗರನ್ನು ದೂರಿ ಫಲವಿಲ್ಲ. ಕೊಟೇಷನ್ನಿನಲ್ಲಿ ಬೆಲೆಯಿಲ್ಲದ ಕೆಲಸ ಮಾಡುವವನಿಗೆ ಸಂಬಳ ಹೆಚ್ಚಿಸಲು ಮಾಲೀಕನಿಗೆ ಹಣವಾದರೂ ಎಲ್ಲಿಂದ ಬರಬೇಕು? ಗಂಟೆಗೆ 450 ರೂಪಾಯಿ ಎಂದು ಗ್ರಾಹಕನ ಮುಂದೆ ಬರೆದು ಪಡೆದ ದಿನ ಆ ಹುಡುಗನ ಎರಡು ಸಾವಿರ ದೊಡ್ಡ ಮೊತ್ತವಾಗಿ ಕಾಣುವುದಿಲ್ಲ.

ಈ ಕುರಿತು ಮೂರು ಸಲಹೆಗಳನ್ನು ನಮ್ಮ ವಾಣಿಜ್ಯ ಮತ್ತು ಕೈಗಾರಿಕಾ ಸಂಸ್ಥೆಯ ಕಾರ್ಯದರ್ಶಿಗಳಿಗೆ ಲಿಖಿತವಾಗಿ ಕೊಟ್ಟಿದ್ದೇನೆ. ಸದಸ್ಯ ವರ್ಕ್‌ಶಾಪುಗಳಿಗೆ ಮಾದರಿ ಜಾಬ್ ಕಾರ್ಡ್ ಮತ್ತು ಸೆಟಪ್ ಶೀಟನ್ನು ಕನ್ನಡದಲ್ಲಿ ಅಚ್ಚು ಹಾಕಿಸಿ ಹಂಚುವುದು. ಅದರಲ್ಲಿ ಪ್ರೋಗ್ರಾಮಿಂಗ್ ಗಂಟೆಗೆ ಅಂಕಣವಿರಬೇಕು, ಕಟರಿನ ತಲೆ ಕತ್ತುಗಳ ಅಳತೆಗೆ ಜಾಗವಿರಬೇಕು, ವಿದ್ಯುತ್ ಹೋದರೆ ಕಟರನ್ನು ಹೊರತೆಗೆಯುವ ಕ್ರಮ ದಪ್ಪಕ್ಷರದಲ್ಲಿರಬೇಕು. ಎರಡನೆಯದು, ವರ್ಷಕ್ಕೆ ನಾಲ್ಕೈದು ಬಾರಿ ಮಾತ್ರ ಬೇಕಾಗುವ ದುಬಾರಿ ಅಂಡರ್‌ಕಟ್ ಕಟರುಗಳನ್ನು ಪ್ರತಿಯೊಬ್ಬರೂ ಕೊಂಡು ಕಪಾಟಿನಲ್ಲಿಡುವ ಬದಲು ಸಂಸ್ಥೆಯ ಮೂಲಕ ಹಂಚಿಕೊಳ್ಳುವುದು. ಮುರಿದವರು ಬೆಲೆ ಕಟ್ಟಿಕೊಡುವುದು. ಮೂರನೆಯದು, ಸಂಜೆ ವೇಳೆಯ ಕಿರು ತರಬೇತಿಗೆ ಉಪಕರಣಾಗಾರವನ್ನು ಕೇಳಿಕೊಳ್ಳುವುದು. ಆಪರೇಟರುಗಳಷ್ಟೇ ಅಲ್ಲ, ಮಾಲೀಕರೂ ಕುಳಿತು ಕೇಳುವಂತಹುದು.

ವಾಲ್ವ್ ಬ್ಲಾಕಿನ ಕಥೆ ಇನ್ನೂ ಮುಗಿದಿಲ್ಲ. ಅದೇ ಗ್ರಾಹಕ ಬೇರೊಂದು ಅಳತೆಯ ಬ್ಲಾಕಿಗೆ ದರ ಕೇಳಿದಾಗ ಹಾಸನದ ಕಕ್ಷಿದಾರರು ಈ ಬಾರಿ ಎರಡು ಸಾಲುಗಳಲ್ಲಿ ಕೊಟೇಷನ್ ಕಳುಹಿಸಿದರು. ಖರೀದಿ ವಿಭಾಗದವರು ನಗದ ದರಕ್ಕೆ ಚೌಕಾಸಿ ಮಾಡಿದರು. ಪ್ರೋಗ್ರಾಮಿಂಗ್ ಸಾಲಿಗೆ ಮಾತ್ರ ಒಂದು ಪ್ರಶ್ನೆ ಕೇಳಿದರು: ಹಣ ನಾವು ಕೊಟ್ಟ ಮೇಲೆ ಪ್ರೋಗ್ರಾಮ್ ನಮ್ಮದಲ್ಲವೇ? ಫೌಂಡ್ರಿಗಳಲ್ಲಿ ಪ್ಯಾಟರ್ನಿಗೆ ಹಣ ಕೊಟ್ಟ ಗ್ರಾಹಕ ಬೇಕೆಂದಾಗ ಅದನ್ನು ಕೊಂಡೊಯ್ಯುವ ರೂಢಿಯನ್ನು ಅವರು ನೆನಪಿಸಿದರು. ಪ್ರಶ್ನೆ ನ್ಯಾಯವಾದದ್ದೇ. ಮರದ ಪ್ಯಾಟರ್ನನ್ನು ಕೊಟ್ಟರೆ ನಮ್ಮಲ್ಲಿ ಪ್ಯಾಟರ್ನ್ ಉಳಿಯುವುದಿಲ್ಲ. ಪ್ರೋಗ್ರಾಮ್ ಕೊಟ್ಟರೆ ಅದು ನಮ್ಮಲ್ಲೂ ಇರುತ್ತದೆ, ನಾಳೆ ಪ್ರತಿಸ್ಪರ್ಧಿಯ ಯಂತ್ರದಲ್ಲೂ ಓಡುತ್ತದೆ. ಕೊನೆಗೆ, ಈ ಹಣ ಗ್ರಾಹಕರ ಜಾಬಿಗೆ ಪ್ರೋಗ್ರಾಮ್ ಸಿದ್ಧಪಡಿಸಿ ಬಳಸುವುದಕ್ಕೆ ಮಾತ್ರ, ಫೈಲಿನ ಹಸ್ತಾಂತರಕ್ಕೆ ಪ್ರತ್ಯೇಕ ದರ ಎಂದು ಒಂದು ಸಾಲು ಸೇರಿಸಿ ನಾನು ಕರಡು ಬರೆದುಕೊಟ್ಟಿದ್ದೇನೆ. ಉತ್ತರ ಇನ್ನೂ ಬಂದಿಲ್ಲ. ಬೇರೆ ಸದಸ್ಯರು ಇದನ್ನು ಹೇಗೆ ಬಗೆಹರಿಸಿಕೊಂಡಿದ್ದಾರೆಂದು ಈ ಪತ್ರಿಕೆಗೆ ಬರೆದು ತಿಳಿಸಿದರೆ ಕರಡನ್ನು ತಿದ್ದಿಕೊಳ್ಳಲು ಅನುಕೂಲವಾಗುತ್ತದೆ.